ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ ಓದು: 52 ಸಾವಿರ ಡಾಲರ್ ಸೀಟೋ, 96 ಸಾವಿರದ ಸೀಟೋ?

ಪ್ರಶ್ನೆ: ಹಿಸ್ಟೋಲ್ಯಾಬ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್‌ನಲ್ಲಿರೋ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಹಿಸ್ಟೋಟೆಕ್ (ಅಂಗಾಂಶದ ಸ್ಲೈಡ್ ತಯಾರಿಸೋ ಲ್ಯಾಬ್ ಟೆಕ್ನಿಷಿಯನ್) ಆಗಿದ್ದೀನಿ. ವಯಸ್ಸು 31. ಬೆಳಗಿನ ಜಾವ ನಾಲ್ಕಕ್ಕೆ ಶಿಫ್ಟ್. ಎಂಬೆಡಿಂಗ್, ಮೈಕ್ರೋಟೋಮ್, ಸ್ಟೇನಿಂಗ್, ಮತ್ತೆ ಎಂಬೆಡಿಂಗ್. ಸಂಬಳ ವರ್ಷಕ್ಕೆ 64 ಸಾವಿರ ಡಾಲರ್, ಕೈಗೆ ಬರೋದು ಸುಮಾರು 46 ಸಾವಿರ. ಕೆಲಸದ ಬಗ್ಗೆ ಬೇಸರ ಇಲ್ಲ, ಆದರೆ ಸಂಬಳ ಇನ್ನು ಹೆಚ್ಚು ಮೇಲೇಳಲ್ಲ ಅನ್ನೋದು ಗೊತ್ತಾಗಿಬಿಟ್ಟಿದೆ.

ನಮ್ಮ ಪಕ್ಕದ ಗ್ರಾಸಿಂಗ್ ರೂಮಿನಲ್ಲಿ ಇಬ್ಬರು ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್‌ಗಳಿದ್ದಾರೆ. ಆಪರೇಶನ್ ಥಿಯೇಟರಿನಿಂದ ಬಂದ ಅಂಗವನ್ನ ಅವರು ಬಿಡಿಸಿ, ಅಳೆದು, ವಿವರ ಡಿಕ್ಟೇಟ್ ಮಾಡಿ, ಸರಿಯಾದ ಜಾಗದಿಂದ ತುಂಡು ತೆಗೆದು ಕ್ಯಾಸೆಟ್ ಅನ್ನೋ ಪುಟ್ಟ ಡಬ್ಬಿಗೆ ಹಾಕ್ತಾರೆ, ಇದಕ್ಕೇ ಗ್ರಾಸಿಂಗ್ ಅನ್ನೋದು. ಆ ಕ್ಯಾಸೆಟ್ ಮಾರನೇ ದಿನ ನನ್ನ ಕೈಗೆ ಬರತ್ತೆ. ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ನೋಡಿದ ಕೂಡಲೇ ಯಾರು ಗ್ರಾಸ್ ಮಾಡಿದ್ದು ಅಂತ ಹೇಳಬಲ್ಲೆ. ಆ ಕೆಲಸ ನನಗೆ ಬೇಕು ಅಂತ ಎರಡು ವರ್ಷದಿಂದ ಮನಸ್ಸಿನಲ್ಲಿತ್ತು. ಅರ್ಜಿ ಹಾಕಿದೆ, ಎರಡು ಕಡೆ ಸೀಟು ಸಿಕ್ಕಿದೆ.

ಒಂದು, ನಾವಿರುವ ರಾಜ್ಯದ್ದೇ ಸರ್ಕಾರಿ ವಿಶ್ವವಿದ್ಯಾಲಯ. 22 ತಿಂಗಳು, ಫೀಸೆಲ್ಲ ಸೇರಿ 52 ಸಾವಿರ. ಮನೆಯಿಂದ 40 ನಿಮಿಷದ ಡ್ರೈವ್. ಇನ್ನೊಂದು, ಬೇರೆ ರಾಜ್ಯದ ಖಾಸಗಿ ವಿ.ವಿ. 24 ತಿಂಗಳು, 96 ಸಾವಿರ, ಜೊತೆಗೆ ಅಲ್ಲಿ ಬೇರೆ ಮನೆ ಮಾಡಿದರೆ ತಿಂಗಳಿಗೆ 1,500 ಬಾಡಿಗೆ. ಆದರೆ ಹೆಸರು ದೊಡ್ಡದು, ರೊಟೇಶನ್ (ಆಸ್ಪತ್ರೆಯಲ್ಲಿ ತರಬೇತಿ) ಪೂರ್ತಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ.

ಉಳಿತಾಯ 30 ಸಾವಿರ ಇದೆ. ಗ್ರೀನ್ ಕಾರ್ಡ್ ಇರೋದರಿಂದ ಫೆಡರಲ್ ಸಾಲ ಸಿಗತ್ತೆ. ಗಂಡನಿಗೆ ಕೆಲಸ ಇದೆ, ಮಗಳಿಗೆ ನಾಲ್ಕು ವರ್ಷ. ನಮ್ಮ ಆಸ್ಪತ್ರೆಯ ಜಾಹೀರಾತಿನಲ್ಲಿ ಹೊಸ ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್‌ಗೆ ಗಂಟೆಗೆ 44 ಡಾಲರ್‌ನಿಂದ ಶುರು ಅಂತ ಇದೆ. ಇಂಟರ್ನೆಟ್‌ನಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ಸಂಬಳ, ಕೆಲವು ಕಡೆ 1 ಲಕ್ಷ 30 ಸಾವಿರ ಅಂತಲೂ ಇದೆ. ಯಾವುದನ್ನ ನಂಬಲಿ? ಡಿಪಾಸಿಟ್ ಕಟ್ಟೋಕೆ ಮೂರು ವಾರ ಉಳಿದಿದೆ. ಈ ಕ್ಷೇತ್ರದಲ್ಲಿ ಇರೋರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಕ್ರಯೋಸ್ಟಾಟ್

ಅಭಿನಂದನೆಗಳು, ಎರಡು ಕಡೆ ಸೀಟು ಸಿಗೋದು ಸುಲಭ ಅಲ್ಲ. ಅಮೆರಿಕದಲ್ಲಿ ಈ ಕೋರ್ಸ್ ಇರೋ ವಿ.ವಿ.ಗಳೇ ಕಡಿಮೆ, ಒಂದೊಂದು ಬ್ಯಾಚಿನಲ್ಲಿ ತೆಗೆದುಕೊಳ್ಳೋದೂ ಕೆಲವೇ ಜನರನ್ನ.

ನಾನು ಪ್ಯಾಥಾಲಜಿ ರೆಸಿಡೆಂಟ್, ಅಂದರೆ ಆ ವಿಭಾಗದಲ್ಲಿ ತರಬೇತಿಯಲ್ಲಿರೋ ಡಾಕ್ಟರ್. ನನ್ನ ಮತ ಖಾಸಗಿ ಕಡೆಗೆ. ದೊಡ್ಡ ಕ್ಯಾನ್ಸರ್ ಸೆಂಟರಿನಲ್ಲಿ ವಿಪಲ್ ಸ್ಪೆಸಿಮನ್ (ಮೇದೋಜ್ಜೀರಕದ ಆಪರೇಶನ್‌ನಲ್ಲಿ ತೆಗೆದದ್ದು), ಲ್ಯಾರಿಂಜೆಕ್ಟಮಿ, ಸಾರ್ಕೋಮಾ ಇಂಥ ಕ್ಲಿಷ್ಟ ಕೇಸುಗಳೆಲ್ಲ ವಾರವಾರ ಬರ್ತಾ ಇರತ್ತೆ. ಸಣ್ಣ ಕಡೆ ಓದಿದವರು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅವನ್ನ ನೋಡಿ ತಡಬಡಾಯಿಸೋದನ್ನ ಕಂಡಿದ್ದೀನಿ. ಜೊತೆಗೆ ರೊಟೇಶನ್ ಮಾಡಿದ ಆಸ್ಪತ್ರೆಯೇ ಎಷ್ಟೋ ಸಲ ಕೆಲಸ ಕೊಡತ್ತೆ. ಸಾಲಕ್ಕೆ ಹೆದರಬೇಡಿ. ಲಾಭರಹಿತ ಆಸ್ಪತ್ರೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದರೆ ಪಿಎಸ್‌ಎಲ್‌ಎಫ್ ಅನ್ನೋ ಸರ್ಕಾರಿ ಯೋಜನೆ ಅಡಿ ಫೆಡರಲ್ ಸಾಲ ಮನ್ನಾ ಆಗತ್ತೆ, ನಾನೂ ಅದನ್ನೇ ನಂಬಿದ್ದೀನಿ.

ಉತ್ತರ: ಗ್ರಾಸ್ ಬೆಂಚ್

ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ ಆಗಿ ಹತ್ತು ವರ್ಷದ ಮೇಲಾಯಿತು, ಈಗ ನಮ್ಮ ವಿಭಾಗದ ಲೀಡ್. ಹೊಸಬರ ಇಂಟರ್‌ವ್ಯೂ ಮಾಡೋದು, ಎಚ್‌ಆರ್ ಜೊತೆ ಕೂತು ಅವರ ಗಂಟೆ ದರ ನಿಗದಿ ಮಾಡಿಸೋದು ನನ್ನ ಕೆಲಸದಲ್ಲಿ ಸೇರಿದೆ. ಅದಕ್ಕೇ ಈ ಪ್ರಶ್ನೆಗೆ ಉದ್ದ ಉತ್ತರ ಬರೀತಿದ್ದೀನಿ, ಸಮಯ ಮಾಡಿಕೊಂಡು ಓದಿ.

ನೇರವಾಗಿ ಹೇಳಿಬಿಡ್ತೀನಿ. ಸರ್ಕಾರಿ ಸೀಟು ತಗೊಳ್ಳಿ. ಖಾಸಗಿ ವಿ.ವಿ. ಕೆಟ್ಟದ್ದು ಅಂತಲ್ಲ. ಅಲ್ಲಿ ನೀವು ಹೆಚ್ಚಿಗೆ ಕೊಡುವ ಹಣ ನಿಮ್ಮ ಸಂಬಳದಲ್ಲಿ ಯಾವತ್ತೂ ವಾಪಸ್ ಬರೋದಿಲ್ಲ.

ಯಾಕೆ ಅಂದರೆ, ನಾನು ಎಚ್‌ಆರ್ ಜೊತೆ ಕೂತಾಗ ಅವರು ಕೇಳೋದು ಮೂರೇ: ಎಎಸ್‌ಸಿಪಿ ಪರೀಕ್ಷೆ (ಈ ವೃತ್ತಿಯ ಸರ್ಟಿಫಿಕೇಟ್ ಪರೀಕ್ಷೆ) ಪಾಸಾಗಿದೆಯಾ, ಎಷ್ಟು ವರ್ಷದ ಅನುಭವ, ಯಾವ ಶಿಫ್ಟ್. ಪರೀಕ್ಷೆಗೆ ಕೂರಬೇಕು ಅಂದರೆ ನ್ಯಾಕಲ್ಸ್ (ಲ್ಯಾಬ್ ಕೋರ್ಸುಗಳನ್ನ ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇರುವ ಕೋರ್ಸ್ ಮುಗಿಸಿರಬೇಕು, ಅಷ್ಟೇ. 1969ರಲ್ಲಿ ಈ ವೃತ್ತಿಗೆ ಮೊದಲ ಕೋರ್ಸ್ ಶುರು ಮಾಡಿದ ಡ್ಯೂಕ್‌ನಿಂದ ಬಂದವರಿಗೂ, ಮೊನ್ನೆ ಮೊನ್ನೆ ಮಾನ್ಯತೆ ಪಡೆದ ಕಡೆಯಿಂದ ಬಂದವರಿಗೂ ಹೆಸರಿನ ಮುಂದೆ ಬರೋದು ಅದೇ ಅಕ್ಷರಗಳು. ಕಾಲೇಜಿನ ಹೆಸರು ನೋಡಿ ಗಂಟೆಗೆ ಒಂದು ಡಾಲರ್ ಹೆಚ್ಚು ಕೊಟ್ಟಿದ್ದನ್ನ ನಾನು ನೋಡಿಲ್ಲ.

ಇದರ ಹಿಂದೆ ಒಂದು ಕಾರಣ ಇದೆ, ಅದನ್ನ ತಿಳಿದುಕೊಂಡರೆ ಸಂಬಳದ ಲೆಕ್ಕ ಪೂರ್ತಿ ಸ್ಪಷ್ಟವಾಗುತ್ತೆ. ನಾವು ನಮ್ಮ ಹೆಸರಿನಲ್ಲಿ ಬಿಲ್ ಮಾಡೋದಿಲ್ಲ. ಒಂದು ಬಯಾಪ್ಸಿ ಬಂತು ಅಂದುಕೊಳ್ಳಿ, 88305 ಅನ್ನೋ ಕೋಡ್ ಬೀಳುತ್ತೆ. ಅದರಲ್ಲಿ ರೋಗನಿರ್ಣಯದ ಭಾಗ ಪ್ಯಾಥಾಲಜಿಸ್ಟ್‌ಗೆ, ಲ್ಯಾಬಿನ ಭಾಗ ಆಸ್ಪತ್ರೆಗೆ. ಅರ್ಧ ದಿನ ನಿಂತು ನಾವು ಒಂದು ಸ್ಪೆಸಿಮನ್ ಬಿಡಿಸಿದರೂ ನಮ್ಮ ಹೆಸರಿನಲ್ಲಿ ಒಂದು ಪೈಸೆ ಆದಾಯ ಕಾಣಿಸೋದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ನಮ್ಮ ಸಂಬಳ ಬರೋದು ಖರ್ಚಿನ ಕಾಲಮ್ಮಿನಲ್ಲಿ. ಮತ್ತೆ ಯಾಕೆ ಚೆನ್ನಾಗಿ ಕೊಡ್ತಾರೆ? ಜನ ಸಿಗಲ್ಲ ಅಂತ, ಮತ್ತೆ ನಾವಿದ್ದರೆ ಪ್ಯಾಥಾಲಜಿಸ್ಟ್ ಮೈಕ್ರೋಸ್ಕೋಪ್ ಬಿಟ್ಟು ಏಳಬೇಕಾಗಿಲ್ಲ ಅಂತ. ಆ ಕೊರತೆಯ ಲಾಭ ಸರ್ಟಿಫಿಕೇಟ್ ಇರುವ ಎಲ್ಲರಿಗೂ ಒಂದೇ. ಫಿಸಿಶಿಯನ್ ಅಸಿಸ್ಟೆಂಟ್ ಕಥೆ ಬೇರೆ, ಅವರು ರೋಗಿಯನ್ನ ನೋಡಿ ಬಿಲ್ ಮಾಡಬಲ್ಲರು.

ನೀವು ಇಂಟರ್ನೆಟ್‌ನಲ್ಲಿ ನೋಡಿದ 1 ಲಕ್ಷ 30 ಸಾವಿರವೂ ಅವರದ್ದೇ ಇರಬೇಕು. ಇಬ್ಬರನ್ನೂ ಪಿಎ ಅಂತಲೇ ಕರೀತಾರೆ, ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ನಮ್ಮ ವೃತ್ತಿಯನ್ನ ಪ್ರತ್ಯೇಕವಾಗಿ ಎಣಿಸೋದೂ ಇಲ್ಲ. ಹಾಗಾಗಿ ಸಂಬಳದ ವೆಬ್‌ಸೈಟುಗಳು ಎರಡನ್ನೂ ಕಲಸಿಬಿಡುತ್ತವೆ. ಅವನ್ನ ಪಕ್ಕಕ್ಕಿಡಿ. ನಿಮ್ಮ ಆಸ್ಪತ್ರೆಯ ಜಾಹೀರಾತಿನ 44 ಡಾಲರ್ ನಂಬಿ. ಅದು ಯಾರೋ ನಿಜವಾಗಿ ಕೊಡೋಕೆ ತಯಾರಿರುವ ಹಣ. ವರ್ಷಕ್ಕೆ 2,080 ಗಂಟೆ ಹಿಡಿದರೆ 91,520, ಅಂದರೆ ಹತ್ತಿರಹತ್ತಿರ 92 ಸಾವಿರ. ನೀವು ಬದುಕಬೇಕೆಂದಿರುವ ಊರಿನ ಇನ್ನೂ ನಾಲ್ಕೈದು ಜಾಹೀರಾತು ಹುಡುಕಿ, ಅತಿ ಕಡಿಮೆ ಇರೋದನ್ನೇ ಹಿಡಿದು ಲೆಕ್ಕ ಹಾಕಿ.

ಈಗ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಫೀಸಿನ ಪಕ್ಕ ಹೊಸ ಸಂಬಳ ಬರೆದು ಮುಗಿಸಿಬಿಡ್ತಾರೆ. ಹಾಗೆ ಮಾಡಬೇಡಿ. ನಿಮಗೆ ಈಗಾಗಲೇ 64 ಸಾವಿರ ಬರ್ತಿದೆ. ಹಾಗಾಗಿ ಈ ಓದು ನಿಮಗೆ ತಂದುಕೊಡೋದು 92 ಸಾವಿರ ಅಲ್ಲ, ನಡುವಿನ 28 ಸಾವಿರ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಮೇಲಿನ 28 ಸಾವಿರದ ಮೇಲೆ ಫೆಡರಲ್ ತೆರಿಗೆ 22 ಪರ್ಸೆಂಟ್, ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ 7.65, ರಾಜ್ಯದ್ದು 4 ಅಂತ ಇಟ್ಟುಕೊಳ್ಳೋಣ. ಕೈಗೆ ಉಳಿಯೋದು ವರ್ಷಕ್ಕೆ 18,500. ಇದೇ ನಿಮ್ಮ ನಿಜವಾದ ಗಳಿಕೆ.

ಇನ್ನು ವೆಚ್ಚ. ಓದುವಾಗ ಕೆಲಸ ಮಾಡೋಕಾಗಲ್ಲ. ಮೊದಲ ವರ್ಷ ಅನಾಟಮಿ, ಹಿಸ್ಟಾಲಜಿ, ಪ್ಯಾಥಾಲಜಿ, ಎಷ್ಟೋ ಕಡೆ ಮೆಡಿಕಲ್ ವಿದ್ಯಾರ್ಥಿಗಳ ಜೊತೆಗೇ ಪಾಠ. ಎರಡನೇ ವರ್ಷ ಬೆಳಗಿನಿಂದ ಸಂಜೆವರೆಗೆ ಆಸ್ಪತ್ರೆ. ಆದ್ದರಿಂದ ಬಿಟ್ಟುಬರುವ ಸಂಬಳವನ್ನೂ (ಕೈಗೆ ಬರುವ 46 ಸಾವಿರದ ಲೆಕ್ಕದಲ್ಲಿ) ಸೇರಿಸಬೇಕು.

ಸರ್ಕಾರಿ ಕಡೆ: ಫೀಸು 52 ಸಾವಿರ, 22 ತಿಂಗಳು ಕಳಕೊಂಡ ಸಂಬಳ 84 ಸಾವಿರ. ಉಳಿತಾಯ ಹಾಕಿದ ಮೇಲೆ ಸಾಲ 22 ಸಾವಿರ. ಬಡ್ಡಿ 8 ಪರ್ಸೆಂಟ್ ಅಂತ ಹಿಡಿಯಿರಿ. ಈ ಸಾಲಕ್ಕೆ ಓದುವಾಗಲೇ ಬಡ್ಡಿ ಓಡ್ತಿರುತ್ತೆ, ಹಾಗಾಗಿ ಕಂತು ಶುರುವಾಗೋ ಹೊತ್ತಿಗೆ ಅದು 25 ಸಾವಿರ ಆಗಿರುತ್ತೆ. ಹತ್ತು ವರ್ಷದಲ್ಲಿ ತೀರಿಸೋದಾದರೆ ತಿಂಗಳಿಗೆ ಸುಮಾರು 300 ಡಾಲರ್, ಒಟ್ಟು ಬಡ್ಡಿ 14 ಸಾವಿರ. ಎಲ್ಲ ಕೂಡಿದರೆ 1 ಲಕ್ಷ 50 ಸಾವಿರ. ವರ್ಷಕ್ಕೆ 18,500ರಂತೆ ಎಂಟು ವರ್ಷಕ್ಕೆ ಹಾಕಿದ್ದು ವಾಪಸ್.

ಖಾಸಗಿ ಕಡೆ: ಫೀಸು 96 ಸಾವಿರ, ಬಾಡಿಗೆ 36 ಸಾವಿರ, ಕಳಕೊಂಡ ಸಂಬಳ 92 ಸಾವಿರ. ಸಾಲ 1 ಲಕ್ಷ 2 ಸಾವಿರ. ಕಂತು ಶುರುವಾಗೋ ಹೊತ್ತಿಗೆ ಬಡ್ಡಿ ಸೇರಿ 1 ಲಕ್ಷ 16 ಸಾವಿರ. ತಿಂಗಳಿಗೆ 1,400 ಡಾಲರ್. ಒಟ್ಟು ಬಡ್ಡಿಯೇ 67 ಸಾವಿರ. ಎಲ್ಲ ಕೂಡಿದರೆ 2 ಲಕ್ಷ 91 ಸಾವಿರ. ವಾಪಸ್ ಬರೋಕೆ ಹದಿನಾರು ವರ್ಷದ ಹತ್ತಿರ.

33ನೇ ವಯಸ್ಸಿಗೆ ಓದು ಮುಗಿದರೆ ಒಂದು ದಾರಿಯಲ್ಲಿ 41ಕ್ಕೆ ಲಾಭ ಶುರು, ಇನ್ನೊಂದರಲ್ಲಿ 49ಕ್ಕೆ. ಇದನ್ನೇ ಬೇರೆ ಥರ ನೋಡಿ: ಎರಡೂ ಕಂತುಗಳ ನಡುವೆ ತಿಂಗಳಿಗೆ 1,100 ಡಾಲರ್ ವ್ಯತ್ಯಾಸ. ತೆರಿಗೆ ಕಟ್ಟಿದ ಮೇಲೆ ಅಷ್ಟು ಉಳಿಯಬೇಕು ಅಂದರೆ ಖಾಸಗಿ ಕಡೆ ಓದಿದವರಿಗೆ ಹತ್ತು ವರ್ಷವೂ ಸುಮಾರು 20 ಸಾವಿರ ಹೆಚ್ಚು ಸಂಬಳ ಸಿಗಬೇಕು. ಅಷ್ಟು ಹೆಚ್ಚು ಕೊಡೋರು ಯಾರೂ ಇಲ್ಲ.

ಒಂದು ಮಾತು ಸೇರಿಸಬೇಕು. ಇದು ನಿಮ್ಮ ಲೆಕ್ಕ. ಬಯಾಲಜಿ ಪದವಿ ಮುಗಿಸಿ ಎಲ್ಲೋ 35 ಸಾವಿರಕ್ಕೆ ದುಡಿಯುತ್ತಿರುವ 23ರ ಹುಡುಗನಿಗೆ ಬಿಟ್ಟುಬರುವ ಸಂಬಳ ಕಡಿಮೆ, ಸಿಗುವ ಏರಿಕೆ ಎರಡರಷ್ಟು. ಅವನಿಗೆ ದುಬಾರಿ ಸೀಟೂ ದಕ್ಕೀತು. ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಒಳ್ಳೆ ಕಸುಬು ಇದೆ, ಅದರ ಬೆಲೆಯೇ ನಿಮ್ಮ ಓದನ್ನ ದುಬಾರಿ ಮಾಡ್ತಿರೋದು.

ಇನ್ನು ಕ್ರಯೋಸ್ಟಾಟ್ ಅವರು ಹೇಳಿದ ರೊಟೇಶನ್ ವಿಷಯ. ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ, ನಿಜಕ್ಕೂ ತೂಕ ಇರೋದು ಅಲ್ಲೇ. ಒಂದು ಕೊಲೊನ್ ಕ್ಯಾನ್ಸರ್ ಸ್ಪೆಸಿಮನ್ ತಗೊಳ್ಳಿ. ಗಡ್ಡೆ ಸಿಗೋದು ಕಷ್ಟವಲ್ಲ, ಕಣ್ಣಿಗೇ ಕಾಣುತ್ತೆ. ಕಷ್ಟ ಇರೋದು ಕರುಳಿಗೆ ಅಂಟಿಕೊಂಡ ಕೊಬ್ಬಿನಲ್ಲಿ. ಅದರೊಳಗೆ ಕನಿಷ್ಠ 12 ಲಿಂಫ್ ನೋಡ್ (ದುಗ್ಧಗ್ರಂಥಿ) ಹುಡುಕಿ ತೆಗೀಬೇಕು. ಕಣ್ಣಿಗೆ ಎಲ್ಲ ಹಳದಿಯೇ. ಗ್ಲೌಸ್ ಹಾಕಿದ ಬೆರಳತುದಿಯಲ್ಲಿ ಕೊಬ್ಬನ್ನ ಹಿಸುಕ್ತಾ ಹಿಸುಕ್ತಾ ಹೋದಾಗ ಎರಡು ಮಿಲಿಮೀಟರಿನ ಒಂದು ಗಟ್ಟಿ ಕಾಳು ಜಾರುತ್ತೆ, ಅದನ್ನ ಹಿಡಿಯಬೇಕು. ಹತ್ತಕ್ಕೆ ನಿಲ್ಲಿಸಿ ಎಲ್ಲ ನೆಗೆಟಿವ್ ಅಂತ ವರದಿ ಹೋದರೆ, ಸ್ಟೇಜಿಂಗ್ (ಕ್ಯಾನ್ಸರ್ ಎಷ್ಟು ಹರಡಿದೆ ಅನ್ನೋ ಅಂದಾಜು) ಸರಿಯಾಗಿದೆಯೇ ಅಂತ ಆಂಕಾಲಜಿಸ್ಟ್‌ಗೆ ಧೈರ್ಯ ಬರಲ್ಲ, ಆ ರೋಗಿಗೆ ಕೀಮೋ ಬೇಕೋ ಬೇಡವೋ ಅನ್ನೋ ನಿರ್ಧಾರ ಡೋಲಾಯಮಾನ. ಈ ಬೆರಳು ತಯಾರಾಗೋದು ಕೈಯಾರೆ ಮಾಡಿದ ಕೇಸುಗಳಿಂದ. ದೊಡ್ಡ ಸೆಂಟರಿನಲ್ಲಿ ಅಪರೂಪದ ಸ್ಪೆಸಿಮನ್ ಬರುತ್ತೆ, ಸರಿ. ಆದರೆ ಅಲ್ಲಿ ರೆಸಿಡೆಂಟುಗಳೂ ಇರ್ತಾರೆ, ಫೆಲೋಗಳೂ ಇರ್ತಾರೆ. ವಿಪಲ್ ಬಂದಾಗ ಚಾಕು ಯಾರ ಕೈಯಲ್ಲಿ, ನೋಡ್ತಾ ನಿಲ್ಲೋರು ಯಾರು ಅನ್ನೋದನ್ನ ಕೇಳಬೇಕು. ರೆಸಿಡೆಂಟ್ ಇಲ್ಲದ ಮಧ್ಯಮ ಆಸ್ಪತ್ರೆಯಲ್ಲಿ ಬಂದದ್ದೆಲ್ಲ ವಿದ್ಯಾರ್ಥಿಯ ಬೋರ್ಡಿಗೇ ಬರುತ್ತೆ.

ಆದ್ದರಿಂದ ಎರಡೂ ಕಡೆಗೆ ಇವತ್ತೇ ಮೇಲ್ ಬರೆಯಿರಿ. ಕಳೆದ ಬ್ಯಾಚಿನ ವಿದ್ಯಾರ್ಥಿಗಳು ತಾವೇ ಗ್ರಾಸ್ ಮಾಡಿದ ದೊಡ್ಡ ಸ್ಪೆಸಿಮನ್‌ಗಳೆಷ್ಟು, ಫ್ರೋಜನ್ ಸೆಕ್ಷನ್ (ಆಪರೇಶನ್ ನಡೀತಿರುವಾಗಲೇ ಮಾಡುವ ತುರ್ತು ಪರೀಕ್ಷೆ) ಎಷ್ಟು, ಆಟಾಪ್ಸಿ (ಶವಪರೀಕ್ಷೆ) ಎಷ್ಟು ಅಂತ ಕೇಳಿ. ರೊಟೇಶನ್ ಆಸ್ಪತ್ರೆಗಳ ಪಟ್ಟಿ, ದೂರದ ಕಡೆ ಹಾಕಿದರೆ ವಸತಿ ಯಾರ ಖರ್ಚು ಅನ್ನೋದನ್ನೂ ಕೇಳಿ. ಇದನ್ನ ಕೇಳದೆ ಹೋದವರು ಎರಡನೇ ವರ್ಷ ಎರಡು ಬಾಡಿಗೆ ಕಟ್ಟೋದನ್ನ ನೋಡಿದ್ದೀನಿ. ಇನ್ನು ನ್ಯಾಕಲ್ಸ್ ನಿಯಮದ ಪ್ರಕಾರ ಪ್ರತಿ ಕೋರ್ಸೂ ತನ್ನ ಕಳೆದ ಮೂರು ವರ್ಷದ ಫಲಿತಾಂಶವನ್ನ ಸಾರ್ವಜನಿಕವಾಗಿ ಹಾಕಬೇಕು: ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನ ಪರೀಕ್ಷೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು. ಎರಡೂ ವೆಬ್‌ಸೈಟ್‌ನಲ್ಲಿ ಅದನ್ನ ಹುಡುಕಿ. ಸರ್ಕಾರಿ ಕಡೆ ಈ ಸಂಖ್ಯೆಗಳು ಕಳಪೆಯಾಗಿದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತೆ. ಪಾಸಾಗದ ಡಿಗ್ರಿ ಎಷ್ಟು ಅಗ್ಗವಾದರೂ ದುಬಾರಿಯೇ.

ದೇಹದ ವಿಷಯವೂ ಲೆಕ್ಕದೊಳಗೇ ಬರುತ್ತೆ. ದಿನವಿಡೀ ನಿಂತಿರಬೇಕು, ಕುತ್ತಿಗೆ ಬಗ್ಗಿರುತ್ತೆ, ಮಣಿಕಟ್ಟು ಸವೆಯುತ್ತೆ. ನಮ್ಮಲ್ಲಿ ಐವತ್ತು ದಾಟಿದವರು ವಾರಕ್ಕೆ ನಾಲ್ಕು ದಿನಕ್ಕೆ ಇಳಿದಿದ್ದಾರೆ, ಸಂಬಳವೂ ಅದಕ್ಕೆ ತಕ್ಕಂತೆ. 49ಕ್ಕೆ ಲಾಭ ಶುರುವಾಗೋ ದಾರಿ ನನಗೆ ಹಿಡಿಸದಿರೋದಕ್ಕೆ ಇದೂ ಒಂದು ಕಾರಣ. ಏಣಿಯೂ ಗಿಡ್ಡ: ಲೀಡ್, ಆಮೇಲೆ ಮ್ಯಾನೇಜರ್, ಅಲ್ಲಿಗೆ ಮುಗೀತು.

ಇಷ್ಟೆಲ್ಲ ಹೇಳಿದರೂ, ಈ ಕೆಲಸಕ್ಕೆ ಬನ್ನಿ ಅಂತಲೇ ಹೇಳ್ತೀನಿ. ಬ್ಲಾಕ್ ನೋಡಿ ಯಾರು ಗ್ರಾಸ್ ಮಾಡಿದ್ದು ಅಂತ ಹೇಳಬಲ್ಲವರು ನಮ್ಮ ಬೆಂಚಿಗೆ ಬೇಕು.

ಉತ್ತರ: ಸಾಲದ ಲೆಕ್ಕಿಗ

ಗ್ರಾಸ್ ಬೆಂಚ್ ಅವರು ಹೇಳಿದ್ದು ಬರೋಬ್ಬರಿ ಅದ. ನಾನು ಆಸ್ಪತ್ರೆಯವನಲ್ಲ, ವಿ.ವಿ. ಒಂದರ ಫೈನಾನ್ಶಿಯಲ್ ಏಡ್ ಆಫೀಸಿನಾಗ ಕೆಲಸ ಮಾಡ್ತೀನಿ. ಸಾಲದ ಬಗ್ಗೆ ಎರಡು ಮಾತು ಹೇಳಬೇಕು, ಯಾಕಂದ್ರ ಇಲ್ಲಿ ನಿಯಮ ಬದಲಾಗ್ಯಾವ.

2025ರ ಜುಲೈ 4ರಂದು ಸಹಿ ಆದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಮೊದಲು ಹೆಂಗಿತ್ತಂದ್ರ, ಕಾಲೇಜು ಎಷ್ಟು ಖರ್ಚು ಅಂತ ತೋರಿಸ್ತದೋ ಅಷ್ಟೂ ಫೆಡರಲ್ ಸರ್ಕಾರದಿಂದಲೇ ಸಿಗ್ತಿತ್ತು. ಈಗ ಮಾಸ್ಟರ್ಸ್ ಓದೋರಿಗೆ ವರ್ಷಕ್ಕ 20,500 ಡಾಲರ್, ಒಟ್ಟು 1 ಲಕ್ಷದ ಮಿತಿ. ವರ್ಷಕ್ಕ 50 ಸಾವಿರ ಸಿಗೋದು ವೈದ್ಯಕೀಯ, ದಂತ, ಕಾನೂನು, ಫಾರ್ಮಸಿ ಇಂಥ ಪದವಿಗಳಿಗೆ ಮಾತ್ರ. ನಿಮ್ಮ ಕೋರ್ಸ್ ಆ ಪಟ್ಟಿಯೊಳಗ ಬರೂದಿಲ್ಲ.

ಅಂದ್ರ ಎರಡು ವರ್ಷಕ್ಕ ಫೆಡರಲ್ 41 ಸಾವಿರ. ಸರ್ಕಾರಿ ಸೀಟಿಗೆ ನಿಮಗ ಬೇಕಾದ 22 ಸಾವಿರ ಅದರೊಳಗ ಆರಾಮ ಕೂಡ್ತದ. ಖಾಸಗಿ ಸೀಟಿಗೆ ಇನ್ನೂ 61 ಸಾವಿರ ಬ್ಯಾಂಕಿನಿಂದ ತರಬೇಕು. ಬ್ಯಾಂಕ್ ಸಾಲಕ್ಕ ಬಡ್ಡಿ ನಿಮ್ಮ ಕ್ರೆಡಿಟ್ ಸ್ಕೋರ್ ಮ್ಯಾಲೆ, ಗಂಡನ ಸಹಿನೂ ಕೇಳಬಹುದು, ಕೆಲಸ ಹೋದ್ರ ಆದಾಯ ನೋಡಿ ಕಂತು ಇಳಿಸೋ ಸೌಲಭ್ಯ ಇಲ್ಲ, ಪಿಎಸ್‌ಎಲ್‌ಎಫ್ ಅಂತೂ ಇಲ್ಲೇ ಇಲ್ಲ.

ಪಿಎಸ್‌ಎಲ್‌ಎಫ್ ಮಾತು ಬಂತಲ್ಲ, ರೆಸಿಡೆಂಟ್ ಡಾಕ್ಟರಿಗೆ ಅದು ಭಾಳ ಛಲೋ. ಸಾಲ ದೊಡ್ಡದು, ಟ್ರೇನಿಂಗ್ ವರ್ಷಗಳಾಗ ಸಂಬಳ ಸಣ್ಣದು. ಈ ತಂಗಿಗೆ ಹಂಗಲ್ಲ. ಆದಾಯ ನೋಡಿ ಕಂತು ಹಾಕೋ ಹೊಸ ಆರ್‌ಎಪಿ ಯೋಜನೆಯೊಳಗ 92 ಸಾವಿರ ಆದಾಯಕ್ಕ ವರ್ಷಕ್ಕ 9 ಪರ್ಸೆಂಟ್ ಕಟ್ಟಬೇಕು. ತಿಂಗಳಿಗೆ 690, ಮಗಳ ಸಲುವಾಗಿ 50 ಕಳದ್ರ 640. ಗಂಡನ ಆದಾಯ ಕೂಡಿಸಿ ಟ್ಯಾಕ್ಸ್ ಫೈಲ್ ಮಾಡಿದ್ರ ಇನ್ನೂ ಹೆಚ್ಚು. ಆದ್ರ 41 ಸಾವಿರದ ಸಾಲ ಬಡ್ಡಿ ಸೇರಿ ಹತ್ತು ವರ್ಷದಾಗ ತೀರಿಸಾಕ ತಿಂಗಳಿಗೆ 570 ಸಾಕು. ಅಂದ್ರ 120 ಕಂತು ಮುಗಿಯೋದ್ರೊಳಗ ಸಾಲನ ಮುಗೀತದ. ಮನ್ನಾ ಮಾಡಾಕ ಏನೂ ಉಳಿಯೂದಿಲ್ಲ. ಮನ್ನಾದ ಆಸೆ ಇಟ್ಕೊಂಡು ದುಬಾರಿ ಸೀಟು ಹಿಡಿಯೂದು ಬ್ಯಾಡ.

ಇನ್ನೊಂದು: ಕೆಲಸ ಕೊಡೋರು ವರ್ಷಕ್ಕ 5,250 ಡಾಲರ್‌ತನಕ ಓದಿನ ಫೀಸಿಗೋ, ಓದಿನ ಸಾಲದ ಕಂತಿಗೋ ಕೊಟ್ರ ಅದರ ಮ್ಯಾಲೆ ನಿಮಗ ತೆರಿಗೆ ಇಲ್ಲ. ಓದು ಮುಗಿದ ಮ್ಯಾಲೆ ಆಫರ್ ಬಂದಾಗ ಸೈನ್ ಆನ್ ಬೋನಸ್ ಬದಲು ಇದನ್ನ ಕೇಳ್ರಿ. ಬೋನಸ್‌ದಾಗ ಮೂರನೇ ಒಂದು ಪಾಲು ತೆರಿಗೆಗೆ ಹೋಗ್ತದ, ಇದು ಪೂರ್ತಿ ಸಾಲಕ್ಕ ಬೀಳ್ತದ.

ಪ್ರಶ್ನೆ ಕೇಳಿದವರ ಮರುಮಾತು: ಹಿಸ್ಟೋಲ್ಯಾಬ್ ಕನ್ನಡತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಟ್ಟುಬರುವ ಸಂಬಳವನ್ನ ನಾನು ವೆಚ್ಚ ಅಂತ ಎಣಿಸಿಯೇ ಇರಲಿಲ್ಲ. ಗ್ರ್ಯಾಡ್ ಪ್ಲಸ್ ವಿಷಯ ಖಾಸಗಿ ವಿ.ವಿ.ಯವರು ಫೋನಿನಲ್ಲಿ ಹೇಳಲೇ ಇಲ್ಲ. ರಾತ್ರಿ ಗಂಡನ ಜೊತೆ ಕೂತು ಎಲ್ಲ ಮತ್ತೆ ಹಾಕಿ ನೋಡಿದ್ವಿ, ಹೆಚ್ಚುಕಮ್ಮಿ ಇದೇ ಬಂತು.

ಇನ್ನೊಂದು ಕೇಳಬೇಕು. ನಮ್ಮ ಮ್ಯಾನೇಜರ್ ನಿನ್ನೆ, "ಓದಿಗೆ ಯಾಕೆ ಹೋಗ್ತೀಯ, ಇಲ್ಲೇ ಗ್ರಾಸಿಂಗ್ ಟೆಕ್ ಆಗು, ನಾವೇ ಕಲಿಸ್ತೀವಿ, ಗಂಟೆಗೆ ಮೂರು ಡಾಲರ್ ಹೆಚ್ಚು ಕೊಡ್ತೀವಿ" ಅಂದ್ರು. ಓದಿಲ್ಲದೆ ಗ್ರಾಸ್ ಮಾಡೋದು ಕಾನೂನಿನ ಪ್ರಕಾರ ಸರಿನಾ? ಸರಿ ಇದ್ದರೆ, ಖರ್ಚೇ ಇಲ್ಲದ ಮೂರನೇ ದಾರಿ ಅಲ್ವಾ ಇದು?

ಉತ್ತರ: ಗ್ರಾಸ್ ಬೆಂಚ್

ಕಾನೂನಿನ ಪ್ರಕಾರ ಸರಿ. ಕ್ಲಿಯಾ ಅನ್ನೋ ಲ್ಯಾಬುಗಳ ಫೆಡರಲ್ ನಿಯಮಗಳಲ್ಲಿ ಗ್ರಾಸಿಂಗ್ ಅನ್ನೋದು ಹೈ ಕಾಂಪ್ಲೆಕ್ಸಿಟಿ ಪರೀಕ್ಷೆ. ಅದಕ್ಕೆ ಬೇಕಾದಷ್ಟು ವಿಜ್ಞಾನದ ಕ್ರೆಡಿಟ್, ಟ್ರೇನಿಂಗ್ ಇದ್ದವರು ಪ್ಯಾಥಾಲಜಿಸ್ಟ್ ಮೇಲ್ವಿಚಾರಣೆಯಲ್ಲಿ ಮಾಡಬಹುದು. ನಿಮ್ಮ ಪದವಿ ಅದಕ್ಕೆ ಸಾಕಾಗುತ್ತೆ.

ಗಂಟೆಗೆ ಮೂರು ಡಾಲರ್ ಅಂದರೆ ವರ್ಷಕ್ಕೆ 6,240, ಕೈಗೆ ನಾಲ್ಕು ಸಾವಿರ ಚಿಲ್ಲರೆ. ಪುಕ್ಕಟೆ ಬರುವ ನಾಲ್ಕು ಸಾವಿರ ಬೇಡ ಅನ್ನೋ ಹಾಗಿಲ್ಲ. ಆದರೆ ಏನು ಮಾಡಿಸ್ತಾರೆ ನೋಡಿ. ಸಾಮಾನ್ಯವಾಗಿ ಗ್ರಾಸಿಂಗ್ ಟೆಕ್‌ಗೆ ಬರೋದು ಸಣ್ಣ ಬಯಾಪ್ಸಿ, ಪಿತ್ತಕೋಶ, ಅಪೆಂಡಿಕ್ಸ್, ಚರ್ಮದ ತುಂಡು. ಸ್ತನ, ಕರುಳು, ಮೂತ್ರಪಿಂಡದ ಕ್ಯಾನ್ಸರ್ ಸ್ಪೆಸಿಮನ್ನುಗಳು, ಫ್ರೋಜನ್, ಆಟಾಪ್ಸಿ ಇವೆಲ್ಲ ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ ಬೆಂಚಿನಲ್ಲೇ ಉಳಿಯುತ್ತವೆ. ಎಷ್ಟು ವರ್ಷ ಹಾಗೆ ಕೆಲಸ ಮಾಡಿದರೂ ಎಎಸ್‌ಸಿಪಿ ಪರೀಕ್ಷೆಗೆ ಕೂರೋಕೆ ಬಿಡಲ್ಲ, ಅದಕ್ಕೆ ಮಾನ್ಯತೆ ಪಡೆದ ಕೋರ್ಸೇ ಆಗಬೇಕು. ಇನ್ನೊಂದು ಆಸ್ಪತ್ರೆಗೆ ಹೋದರೆ ಮತ್ತೆ ಶುರುವಿನಿಂದ ನಿಮ್ಮನ್ನ ಸಾಬೀತು ಮಾಡಿಕೊಳ್ಳಬೇಕು. ಆ ಮೂರು ಡಾಲರ್ ಆ ಆಸ್ಪತ್ರೆಯ ಬಾಗಿಲೊಳಗೆ ಮಾತ್ರ ಚಲಾವಣೆ.

ನನಗೆ ಅದರಲ್ಲಿ ಕಾಣೋ ಉಪಯೋಗ ಬೇರೆ. ಕೋರ್ಸ್ ಶುರುವಾಗೋಕೆ ಇನ್ನೂ ಕೆಲವು ತಿಂಗಳಿದೆ ಅಲ್ವಾ, ಅಷ್ಟು ಕಾಲ ಆ ಟ್ರೇನಿಂಗ್ ತಗೊಳ್ಳಿ. ಓದಿಗೆ ಹೋಗ್ತೀನಿ ಅಂತ ಮ್ಯಾನೇಜರ್‌ಗೆ ಮುಚ್ಚಿಡದೆ ಹೇಳಿ. ಕೈಯಲ್ಲಿ ಸ್ಕ್ಯಾಲ್ಪೆಲ್ ಹಿಡಿದು ಪೂರ್ತಿ ದಿನ ನಿಂತಾಗ ಮೈ ಏನು ಹೇಳುತ್ತೆ, ಫಾರ್ಮಲಿನ್ ನಿಮಗೆ ಒಗ್ಗುತ್ತಾ, ರಕ್ತ ಸೋರುವ ತಾಜಾ ಅಂಗ ಬಂದಾಗ ಮನಸ್ಸು ಹೇಗಿರುತ್ತೆ, ಇವೆಲ್ಲ 52 ಸಾವಿರ ಕಟ್ಟೋ ಮುಂಚೆ ಸಂಬಳ ತಗೊಂಡು ತಿಳಿದುಕೊಳ್ಳುವ ಅವಕಾಶ. ಹಿಸ್ಟೋಟೆಕ್ ಅನುಭವ ಇದ್ದವರು ಮೊದಲ ವರ್ಷ ಚೆನ್ನಾಗಿ ನಿಭಾಯಿಸ್ತಾರೆ, ಟಿಶ್ಯೂ ಪ್ರೊಸೆಸಿಂಗ್ ಅವರಿಗೆ ಹೇಳಿಕೊಡಬೇಕಾಗಿಲ್ಲ. ದಪ್ಪ ತುಂಡು ಹಾಕಿದರೆ ಬ್ಲಾಕಿಗೆ ಏನಾಗುತ್ತೆ, ಸ್ತನದ ಸ್ಪೆಸಿಮನ್ನಿಗೆ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಅಂತ ಯಾಕೆ ಗಡಿ ಇಟ್ಟಿದ್ದಾರೆ ಅನ್ನೋದು ನಿಮಗೆ ಈಗಾಗಲೇ ಗೊತ್ತು.

ನಿಮ್ಮ ಆಸ್ಪತ್ರೆಯಲ್ಲಿ ಮೇಲೆ ಹೇಳಿದ 5,250ರ ಸೌಲಭ್ಯ ಇದೆಯಾ ಅಂತಲೂ ಇದೇ ವಾರ ಕೇಳಿ. ಕೆಲವು ಆಸ್ಪತ್ರೆಗಳು ವಾರಾಂತ್ಯದ ಪರ್ ಡೀಮ್ (ಕರೆದಾಗ ಮಾತ್ರ ಬರುವ) ನೌಕರರಿಗೂ ಕೊಡುತ್ತವೆ. ಆದರೆ ಓದು ಮುಗಿಸಿ ಇಷ್ಟು ವರ್ಷ ಇಲ್ಲೇ ಇರಬೇಕು ಅನ್ನೋ ಷರತ್ತು ಜೊತೆಗಿದ್ದರೆ ಸಹಿ ಹಾಕೋ ಮುಂಚೆ ಕಾಗದ ನನಗೆ ತೋರಿಸಿ, ಹೆಸರು ಅಳಿಸಿ ಕಳಿಸಿದರೆ ಸಾಕು. ಹತ್ತು ಸಾವಿರಕ್ಕಾಗಿ ಮೂರು ವರ್ಷ ಕಟ್ಟುಬೀಳೋದು ಲಾಭವಲ್ಲ. ಆ ಮೂರು ವರ್ಷದಲ್ಲಿ ಪಕ್ಕದ ಊರಿನವರು ಗಂಟೆಗೆ ಐದು ಡಾಲರ್ ಹೆಚ್ಚು ಕೊಟ್ಟರೆ ವರ್ಷಕ್ಕೆ 10,400 ಅಲ್ಲೇ ಹೋಯಿತು.

ಸರ್ಕಾರಿ ವಿ.ವಿ.ಯಿಂದ ರೊಟೇಶನ್ ಪಟ್ಟಿ ಬಂದ ಮೇಲೆ ಇಲ್ಲಿ ಹಾಕಿ. ಆ ಆಸ್ಪತ್ರೆಗಳಲ್ಲಿ ರೆಸಿಡೆಂಟ್ ಇದ್ದಾರಾ ಇಲ್ವಾ ಅಂತ ನೋಡಿ ಹೇಳ್ತೀನಿ. ಡಿಪಾಸಿಟ್ ಅಲ್ಲೀವರೆಗೆ ಕಟ್ಟಬೇಡಿ, ಮೂರು ವಾರ ಸಾಕಾಗುತ್ತೆ.